ಗಾಳಿಯಲ್ಲಿ ಬಂದ ಸ್ವತ್ತು

ತಂತಿ ಎಂಬ ಪದಾರ್ಥ ನಮ್ಮ ಮನೆಗಳಿಂದ ಸದ್ದಿಲ್ಲದೆ ಕಾಲ್ತೆಗೆಯುತ್ತಿದೆ. ಹಿಂದೆ ರೇಡಿಯೋ ಎಂದರೆ ಒಂದು ದೊಡ್ಡ ಸಂಸಾರ. ಮಾಳಿಗೆಯ ಮೇಲೆ ಎರಡು ಗಳಗಳ ನಡುವೆ ಬಿಗಿದ ಏರಿಯಲ್ಲು, ಅದರ ಮೇಲೆ ಸಭೆ ಸೇರಿದ ಗುಬ್ಬಚ್ಚಿಗಳು, ಕಿಟಕಿಯ ಸಂದಿಯಿಂದ ಒಳಕ್ಕಿಳಿದ ಒಂದು ತಂತಿ, ಹಿತ್ತಿಲಿನ ಒದ್ದೆ ಮಣ್ಣಿನಲ್ಲಿ ಹೂತ ಇನ್ನೊಂದು ತಂತಿ; ಇಷ್ಟೂ ಪರಿವಾರ ಒಟ್ಟಾಗಿ ದುಡಿದರೆ ಸಂಜೆ ಒಂದು ಗಂಟೆ ಸಂಗೀತ, ಆಮೇಲೆ ವಾರ್ತೆ. ಅದಕ್ಕೆ ‘ನಿಸ್ತಂತು’ ಎಂದು ಹೆಸರಿಟ್ಟ ಪುಣ್ಯಾತ್ಮರು ಹಾಸ್ಯಪ್ರಿಯರಾಗಿರಬೇಕು. ಈಗಿನ ನಿಸ್ತಂತುವಾದರೋ ಹೆಸರಿಗೆ ತಕ್ಕದ್ದು. ನಮ್ಮ ನಡುಮನೆಯ ಬೀರುವಿನ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ ಕುಳಿತಿದೆ. ಎರಡು ಕಿವಿಗಳನ್ನು ನೆಟ್ಟಗೆ ನಿಲ್ಲಿಸಿಕೊಂಡು, ಹಸುರು ಕಣ್ಣು ಮಿಟುಕಿಸುತ್ತ, ಬೆದರಿದ ಮೊಲದಂತೆ ಕಾಣುತ್ತದೆ. ಅದೇ ವೈ-ಫೈ. ಅದರ ಅನುಗ್ರಹದಿಂದ ಅಡಿಗೆಯ ಮನೆಯಲ್ಲಿ ದಾಸರ ಪದ, ಮಹಡಿಯಲ್ಲಿ ಮೊಮ್ಮಗನ ಆರ್ಭಟದ ಇಂಗ್ಲಿಷ್ ಸಂಗೀತ, ನನ್ನ ಆರಾಮಕುರ್ಚಿಯ ಬಳಿ ಚೌಡಯ್ಯನವರ ಪಿಟೀಲು, ಎಲ್ಲವೂ ಏಕಕಾಲದಲ್ಲಿ, ಒಂದರ ಮೈ ಒಂದಕ್ಕೆ ತಗುಲದೆ, ಗಾಳಿಯಲ್ಲಿ ಓಡಾಡುತ್ತವೆ.

ಈ ಗಾಳಿಯ ವ್ಯವಹಾರಕ್ಕೂ ಒಂದು ಕಾಲದಲ್ಲಿ ಸರ್ಕಾರದ ಅಪ್ಪಣೆ ಬೇಕಿತ್ತು. 1933ರ ನಿಸ್ತಂತು ಕಾಯಿದೆಯ ಪ್ರಕಾರ, ರೇಡಿಯೋ ಇಟ್ಟುಕೊಂಡವರು ವರ್ಷವರ್ಷವೂ ಅಂಚೆ ಕಛೇರಿಗೆ ಹೋಗಿ, ಹಣ ಕಟ್ಟಿ, ಲೈಸೆನ್ಸು ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ವೈ-ಫೈ ಸಂಚರಿಸುವ 2.4 ಗಿಗಾಹರ್ಟ್ಸ್ ಎಂಬ ಪಟ್ಟಿಯನ್ನಂತೂ 2005ರಲ್ಲಿ ಸರ್ಕಾರ ಲೈಸೆನ್ಸಿನ ಕಟ್ಟಿನಿಂದಲೇ ಬಿಡಿಸಿತು. ಅದು ಹಳ್ಳಿಯ ಗೋಮಾಳದ ಹಾಗೆ. ಯಾರ ದನ ಬೇಕಾದರೂ ಮೇಯಬಹುದು. ಹಾಗೆ ಮೇಯುವ ದನಗಳಲ್ಲಿ ಅಡಿಗೆಯ ಮನೆಯ ಮೈಕ್ರೋವೇವ್ ಒಲೆಯೂ ಒಂದು. ಅದು ಅನ್ನವನ್ನು ಬಿಸಿಮಾಡುವುದೂ ಅದೇ ಪಟ್ಟಿಯ ಅಲೆಗಳಿಂದಲೇ. ನನ್ನ ಹೆಂಡತಿ ಸಾರು ಬಿಸಿಮಾಡಲು ಗುಂಡಿ ಒತ್ತಿದಳೆಂದರೆ ಚೌಡಯ್ಯನವರ ಕಮಾನು ನಡುದಾರಿಯಲ್ಲಿ ನಿಂತುಬಿಡುತ್ತದೆ. ಸಾರು ಕಾದ ಮೇಲೆ ರಾಗ ಮುಂದುವರಿಯುತ್ತದೆ. ಮನೆಯಲ್ಲಿ ಯಾರ ಕೈ ಮೇಲು ಎಂಬುದಕ್ಕೆ ವಿಜ್ಞಾನ ಒದಗಿಸಿದ ಹೊಸ ಪ್ರಮಾಣವಿದು.

ಮನೆಯಿಂದಲೇ ಗಾಳಿಗೆ ಸಂಗೀತ ಬಿಡುವ ವಿದ್ಯೆ ಕನ್ನಡಿಗರಿಗೆ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ತೆರೆದು ಅದನ್ನು ‘ಆಕಾಶವಾಣಿ’ ಎಂದು ಕರೆದರು. ಮುಂದೆ ಇಡೀ ದೇಶ ಆ ಹೆಸರನ್ನು ಎತ್ತಿಕೊಂಡಿತು. ಹೆಸರೂ ಎಷ್ಟು ಚೆನ್ನ! ಪುರಾಣದ ಆಕಾಶವಾಣಿ ಒಮ್ಮೆ ನುಡಿದರೆ ಮುಗಿಯಿತು. ಕೇಳಿದ ಮಾತು ಕೇಳಿದವನದು. ‘ನಿನಗೆ ಹೇಳಿದ್ದನ್ನು ಹಿಂದಕ್ಕೆ ಕೊಡು’ ಎಂದು ಅದು ಕಂಸನ ಮನೆಯ ಬಾಗಿಲು ತಟ್ಟಿದ ಕಥೆಯನ್ನು ನಾನು ಓದಿಲ್ಲ.

ಈಗಿನ ಗಾಳಿಯ ಮಾತು ಹಾಗಲ್ಲ. ತಂತಿ ಹೋಯಿತೆಂದ ಮಾತ್ರಕ್ಕೆ ಹಗ್ಗವೂ ಹೋಯಿತೆನ್ನುವಂತಿಲ್ಲ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಗಾಂಧಿಬಜಾರಿನಲ್ಲಿ ಎಂದೋ ಕೊಂಡಿದ್ದ ಕ್ಯಾಸೆಟ್ಟುಗಳ ಹಾಡುಗಳನ್ನೆಲ್ಲ ಮೊಮ್ಮಗ ಕಳೆದ ಬೇಸಗೆಯಲ್ಲಿ ಒಂದು ಪೆಟ್ಟಿಗೆಗೆ ತುಂಬಿ, ವೈ-ಫೈಗೆ ಕೊಂಡಿ ಹಾಕಿಕೊಟ್ಟ. ಅವು ಯಾವ ಕೋಣೆಯಲ್ಲಿ ಕರೆದರೂ ಬಂದು ಹಾಡುತ್ತವೆ. ಟೆಲಿವಿಷನ್ನಿನಲ್ಲಿ ಹಾಡು ಎಂದರೆ ಅಲ್ಲೂ ಹಾಡುತ್ತವೆ. ಅವನು ತಿಂಗಳು ತಿಂಗಳೂ ಹಣ ತೆತ್ತು ಇಳಿಸಿಕೊಂಡ ಹಾಡುಗಳಿಗೆ ಮಾತ್ರ ಆ ಪೆಟ್ಟಿಗೆಗೆ ಪ್ರವೇಶವಿಲ್ಲ. ‘ಇಳಿಸಿಕೊಂಡದ್ದು’ ಎಂದು ಹೆಸರೇ ಹೊರತು ಅವು ಇಳಿದದ್ದು ಅವನ ಫೋನಿನ ಒಂದು ಮೂಲೆಗೆ. ಅಲ್ಲಿಂದ ಕದಲಿಸುವಂತಿಲ್ಲ, ಇನ್ನೊಂದು ಯಂತ್ರಕ್ಕೆ ಕೊಡುವಂತಿಲ್ಲ, ಒಂದು ತಿಂಗಳ ಹಣ ತಪ್ಪಿದರೆ ಮೂಕವಾಗುತ್ತವೆ. ಬಾಡಿಗೆಗೆ ತಂದ ಚಲನಚಿತ್ರವೂ ಹೀಗೆಯೇ; ನೋಡಲು ತೊಡಗಿದ 48 ಗಂಟೆಗಳಲ್ಲಿ ಮುಗಿಸದಿದ್ದರೆ ಮಾಯ. ಬಾಡಿಗೆ ಎಂದು ಮೊದಲೇ ಹೇಳಿದ್ದಾರಲ್ಲ, ಆ ಬಗ್ಗೆ ನನ್ನ ತಕರಾರಿಲ್ಲ. ‘ಕೊಳ್ಳಿ’ ಎಂದು ಗುಂಡಿಯ ಮೇಲೆ ಬರೆದು, ಕೊಂಡ ಮೇಲೂ ಬಾಡಿಗೆದಾರನಂತೆಯೇ ಇಡುವುದು ಯಾವ ನ್ಯಾಯ ಎಂಬುದಷ್ಟೇ ನನ್ನ ಪ್ರಶ್ನೆ.

ಇದರ ಮರ್ಮ ಬಹಳ ಸರಳ. ಹಾಡನ್ನೋ ಪುಸ್ತಕವನ್ನೋ ಗುಪ್ತಲಿಪಿಗೆ ತಿರುಗಿಸಿ ನಮ್ಮ ಯಂತ್ರಕ್ಕೆ ಕಳಿಸುತ್ತಾರೆ. ಅದನ್ನು ಬಿಡಿಸುವ ಕೀಲಿಯನ್ನು, ‘ಈ ಯಂತ್ರ ಇಂಥವರದು, ಇವರ ಲೆಕ್ಕ ಸರಿಯಾಗಿದೆ’ ಎಂದು ಕಂಪೆನಿಯ ಗಣಕ ಒಪ್ಪಿದ ಮೇಲೆ, ಬೇರೆಯಾಗಿ ಕೊಡುತ್ತಾರೆ. ಹಿಂದಿನ ಅವಿಭಕ್ತ ಕುಟುಂಬಗಳನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾದೀತು. ಉಗ್ರಾಣ ಮನೆಯಲ್ಲೇ ಇದೆ, ಬೆಲ್ಲವೂ ಉಗ್ರಾಣದಲ್ಲೇ ಇದೆ. ಬೀಗದ ಕೈಯ ಗೊಂಚಲು ಅತ್ತೆಯ ಸೊಂಟದಲ್ಲಿದೆ. ಇದಕ್ಕೆ ಅವರಿಟ್ಟ ಹೆಸರು ‘ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್’, ಹಕ್ಕುಗಳ ನಿರ್ವಹಣೆ. ಯಾರ ಹಕ್ಕು ಎಂಬುದನ್ನು ಹೆಸರಿನಲ್ಲಿ ಸೇರಿಸಿಲ್ಲ.

2003ರ ಏಪ್ರಿಲಿನಲ್ಲಿ ಆಪಲ್ ಕಂಪೆನಿ ಅಮೆರಿಕದಲ್ಲಿ ಹಾಡಿನ ಅಂಗಡಿ ತೆರೆದಾಗ ಒಂದು ಹಾಡಿಗೆ 99 ಸೆಂಟು ಬೆಲೆಯಿಟ್ಟು, ಒಂದೊಂದಕ್ಕೂ ಇಂಥ ಬೀಗ ಜಡಿದೇ ಕೊಟ್ಟಿತು. ಮೊದಮೊದಲು ಕೊಂಡ ಹಾಡನ್ನು ಮೂರು ಗಣಕಗಳಲ್ಲಿ, ಮರುವರ್ಷದಿಂದ ಐದರಲ್ಲಿ ಕೇಳಬಹುದಾಗಿತ್ತು. ಪಾಂಡವರೇನೋ ಕೇಳಬಹುದು, ದ್ರೌಪದಿಗಿಲ್ಲ. ಇದಕ್ಕಿಂತ ವಿನೋದದ್ದು 2006ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿ ತಂದ ಝೂನ್ ಎಂಬ ಯಂತ್ರ. ಅದು ಜೇಬಿನಲ್ಲಿರುವಷ್ಟೇ ದೊಡ್ಡದು, ಅದಕ್ಕೂ ವೈ-ಫೈ. ನೀವು ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೀರಿ, ಪಕ್ಕದಲ್ಲಿ ಮಿತ್ರ. ಇಬ್ಬರ ಜೇಬಿನಲ್ಲೂ ಝೂನ್ ಇದ್ದರೆ ನಿಮ್ಮ ಹಾಡನ್ನು ಗಾಳಿಯಲ್ಲೇ ಅವನಿಗೆ ದಾಟಿಸಬಹುದು. ಆಹಾ ಎನ್ನಬೇಕಾದ ಮಾತು. ಆದರೆ ಅವನು ಅದನ್ನು ಮೂರು ಸಲ ಕೇಳಬಹುದು, ಇಲ್ಲವೆ ಮೂರು ದಿನ ಇಟ್ಟುಕೊಳ್ಳಬಹುದು. ಯಾವುದು ಮೊದಲೋ ಅದರೊಂದಿಗೆ ಹಾಡಿನ ಆಯುಸ್ಸು ತೀರಿತು. ನೀವೇ ತಂಬೂರಿ ಹಿಡಿದು ಹಾಡಿ ತುಂಬಿಸಿದ ಹಾಡಾದರೂ ಇದೇ ಕಟ್ಟಳೆ! ನಾನೇ ಹಾಡಿದ್ದಾದರೆ ಮಿತ್ರನಿಗೆ ಆ ಮೂರು ಸಲವೇ ಹೆಚ್ಚಾದೀತು, ಆ ಮಾತು ಬೇರೆ. ಆದರೆ ಅದನ್ನು ತೀರ್ಮಾನಿಸಬೇಕಾದವನು ಮಿತ್ರ, ಯಂತ್ರವಲ್ಲ.

ಈ ಬೀಗಗಳ ವ್ಯರ್ಥತೆಯನ್ನು ಲೋಕಕ್ಕೆ ಲೆಕ್ಕ ಹಾಕಿ ತೋರಿಸಿದವರು ಬೀಗ ಹಾಕಿದ ಅಂಗಡಿಯ ಯಜಮಾನರೇ. 2007ರ ಫೆಬ್ರವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದರು. 2006ರಲ್ಲಿ ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗೂ ಕಡಿಮೆ. ಅದೇ ವರ್ಷ ಅದೇ ಸಂಗೀತ ಕಂಪೆನಿಗಳು ಸಿ.ಡಿ.ಗಳಲ್ಲಿ ಬೀಗವೇ ಇಲ್ಲದೆ ಮಾರಿದ ಹಾಡುಗಳು 2000 ಕೋಟಿಗೂ ಹೆಚ್ಚು. ಮುಂಬಾಗಿಲಿಗೆ ಏಳು ಬೀಗ, ಹಿತ್ತಿಲ ಬಾಗಿಲಿಗೆ ಅಗುಳಿಯೂ ಇಲ್ಲ. 2009ರಲ್ಲಿ ಹಾಡುಗಳ ಬೀಗ ಕಳಚಿತು. ಹಳೆಯ ಗಿರಾಕಿಗಳು ತಾವು ಮೊದಲೇ ಕೊಂಡಿದ್ದ ಹಾಡಿನ ಬೀಗ ತೆಗೆಸಿಕೊಳ್ಳಲು ಒಂದೊಂದಕ್ಕೆ 30 ಸೆಂಟು ಕೊಡಬೇಕಾಯಿತು. ಒತ್ತೆ ಇಡದ ಒಡವೆಯನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು ಎಂದರೆ ಇದೇ ಇರಬೇಕು.

ಕೊಂಡ ಹಾಡು ಹೀಗೆ ಬಿಡುಗಡೆ ಹೊಂದಿತು. ಪುಸ್ತಕ ಮತ್ತು ಚಲನಚಿತ್ರಗಳು ಬಹುಮಟ್ಟಿಗೆ ಇನ್ನೂ ಸೆರೆಯಲ್ಲಿವೆ. ಪುಸ್ತಕದ ಸೆರೆಯ ಕಥೆಯಲ್ಲಿ ಜನ ಮರೆಯದ ಅಧ್ಯಾಯ 2009ರ ಜುಲೈ ತಿಂಗಳದು. ಅಮೆಜಾನ್ ಕಂಪೆನಿಯ ಕಿಂಡಲ್ ಎಂಬ ಓದುವ ಯಂತ್ರದಲ್ಲಿ ಜನ ದುಡ್ಡು ಕೊಟ್ಟು ತರಿಸಿಕೊಂಡಿದ್ದ ಎರಡು ಪುಸ್ತಕಗಳು ಇದ್ದಕ್ಕಿದ್ದಂತೆ ಮಾಯವಾದವು. ಅವನ್ನು ಮಾರಿದವರಿಗೆ ಅಮೆರಿಕದಲ್ಲಿ ಮಾರುವ ಹಕ್ಕಿರಲಿಲ್ಲವೆಂದು ಗೊತ್ತಾಗಿ, ಕಂಪೆನಿ ಹಣವನ್ನು ಹಿಂದಿರುಗಿಸಿ ಪುಸ್ತಕಗಳನ್ನು ಅಳಿಸಿತ್ತು. ಬಂದದ್ದೂ ಗಾಳಿಯಲ್ಲಿ, ಹೋದದ್ದೂ ಗಾಳಿಯಲ್ಲಿ. ಯಾವ ಪುಸ್ತಕಗಳೆಂದು ಕೇಳಿದರೆ ನಂಬುವುದು ಕಷ್ಟ. ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಒಂದು. ಬೇಡವಾದ ಕಾಗದಗಳನ್ನೆಲ್ಲ ಗೋಡೆಯ ಬಿಲಕ್ಕೆ ತಳ್ಳಿ ಸುಟ್ಟುಬಿಡುವ ಪ್ರಭುತ್ವದ ಚಿತ್ರವಿರುವ ‘1984’ ಇನ್ನೊಂದು. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತೀಹಾರಿಯಲ್ಲಿ, 1903ರಲ್ಲಿ, ತೀರಿಕೊಂಡದ್ದು 1950ರಲ್ಲಿ. ಲೇಖಕ ತೀರಿದ 60 ವರ್ಷಗಳಿಗೆ ಹಕ್ಕು ಮುಗಿಯುವ ನಮ್ಮ ಕಾಯಿದೆಯಂತೆ 2011ರಿಂದ ಅವನ ಪುಸ್ತಕಗಳು ಇಲ್ಲಿ ಎಲ್ಲರ ಸ್ವತ್ತು. ಹುಟ್ಟಿದ ಊರಿನಲ್ಲಿ ಸ್ವತಂತ್ರ, ಸಮುದ್ರದಾಚೆ ಬಂದಿ.

ಅಮೆಜಾನ್‌ನ ಯಜಮಾನರಾದ ಜೆಫ್ ಬೆಜೋಸ್ ಅದು ಮೂರ್ಖತನದ ಕೆಲಸವೆಂದು ಬಹಿರಂಗವಾಗಿ ಕ್ಷಮೆ ಕೇಳಿದರು. ನನ್ನ ಮನಸ್ಸನ್ನು ಹಿಡಿದದ್ದು ಆ ಕ್ಷಮೆಯಲ್ಲ. ಮಿಷಿಗನ್‌ನ ಒಬ್ಬ ಶಾಲಾ ವಿದ್ಯಾರ್ಥಿಯ ಪಾಡು. ಅವನು ಪಾಠಕ್ಕೆಂದು ‘1984’ನ್ನು ಓದುತ್ತ ಯಂತ್ರದಲ್ಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಪುಸ್ತಕ ಹೋಯಿತು, ಟಿಪ್ಪಣಿ ಉಳಿಯಿತು. ಯಾವ ವಾಕ್ಯದ ಮೇಲೆ ಬರೆದದ್ದೋ ಆ ವಾಕ್ಯವೇ ಇಲ್ಲದ ಟಿಪ್ಪಣಿಯನ್ನು ಏನು ಮಾಡಬೇಕು? ಗೋಡೆ ಬಿದ್ದ ಮೇಲೆ ಮೊಳೆ ಕೈಗೆ ಬಂದಂತಾಯಿತು. ಹುಡುಗ ಮೊಕದ್ದಮೆ ಹೂಡಿದ. ಅದು ರಾಜಿಯಲ್ಲಿ ಮುಗಿಯಿತು. ಹತ್ತು ವರ್ಷಗಳ ಅನಂತರ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಅಂಗಡಿಯೊಂದಿಗೆ ಗಿರಾಕಿಗಳ ಕೈಯಲ್ಲಿದ್ದ ಪುಸ್ತಕಗಳೂ ಮುಚ್ಚಿದವು. ಹಣವೆಲ್ಲ ವಾಪಸು, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರು. ಓದಿದವನು ಬರೆದುಕೊಂಡದ್ದಕ್ಕೂ ಬೆಲೆಯುಂಟೆಂದು ಅವರು ಒಪ್ಪಿದ್ದು ದೊಡ್ಡ ಮಾತೇ. ಆದರೆ ಆ ಬೆಲೆಯನ್ನು ಕಟ್ಟಿದವರು ಯಾರು, ಯಾವ ತಕ್ಕಡಿಯಲ್ಲಿ?

ಪುಸ್ತಕದ ಅಂಚಿನಲ್ಲಿ ಬರೆಯುವವರ ಬಗ್ಗೆ ನನಗೆ ಎರಡು ಮನಸ್ಸು. ಹಿಂದೆ ನಮ್ಮ ಬೀದಿಯ ಬಾಡಿಗೆ ಪುಸ್ತಕಾಲಯದ ಪತ್ತೇದಾರಿ ಕಾದಂಬರಿಯೊಂದರ ಹನ್ನೆರಡನೆಯ ಪುಟದಲ್ಲೇ ‘ಕೊಲೆ ಮಾಡಿದವನು ಇವನೇ’ ಎಂದು ಬಾಣದ ಗುರುತು ಹಾಕಿದ್ದ ಮಹಾಶಯನಿಗೆ ನಾನು ಇಂದಿಗೂ ಶಾಪ ಹಾಕುತ್ತೇನೆ. ಇನ್ನು ಕೆಲವರು ಗ್ರಂಥಕರ್ತನೊಡನೆ ಜಗಳಕ್ಕೆ ನಿಲ್ಲುತ್ತಾರೆ: ‘ಶುದ್ಧ ಸುಳ್ಳು!’, ‘ನೀನು ಕಂಡಿದ್ದೀಯಾ?’ ಆದರೆ ಬಲ್ಲವರು ಪೆನ್ಸಿಲಿನಲ್ಲಿ ಮೆಲ್ಲನೆ ಎಳೆದ ಗೆರೆ, ಪಕ್ಕದಲ್ಲಿ ಬರೆದ ಅರ್ಧ ಮಾತು, ಅದಕ್ಕೆ ಸಮನಾದ ಸತ್ಸಂಗವಿಲ್ಲ.

ಬೀಗ ಹಾಕುವವರ ಕಡೆಯ ಮಾತನ್ನೂ ಹೇಳಬೇಕು; ಇಲ್ಲದಿದ್ದರೆ ಅನ್ಯಾಯವಾದೀತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ನಾಡು ನಮ್ಮದು. ಅಂಥವರ ಒಂದು ಪ್ರತಿಯನ್ನು ಕೊಂಡು ಗುಂಡಿಯೊತ್ತಿ ಸಾವಿರ ಪ್ರತಿ ಮಾಡಿ ಹಂಚುವುದು ದಾನವಲ್ಲ, ಬರೆಯುವವನ ಅನ್ನಕ್ಕೆ ಕೈ ಹಾಕುವ ಕೆಲಸ. ಕಾಗದದ ಪುಸ್ತಕವನ್ನು ಮಿತ್ರನಿಗೆ ಕೊಟ್ಟರೆ ನನ್ನ ಕಪಾಟು ಅಷ್ಟು ಬರಿದಾಗುತ್ತದೆ. ಈ ಪುಸ್ತಕ ಕೊಟ್ಟಷ್ಟೂ ಉಳಿಯುತ್ತದೆ. ಆದ್ದರಿಂದ ಏನೋ ಒಂದು ಕಟ್ಟು ಬೇಕೆಂಬುದನ್ನು ನಾನು ಒಪ್ಪುತ್ತೇನೆ. ನಮ್ಮ ಕೃತಿಸ್ವಾಮ್ಯ ಕಾಯಿದೆಗೂ 2012ರಲ್ಲಿ 65ಎ ಎಂಬ ಕಲಮು ಸೇರಿತು: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ 2 ವರ್ಷದವರೆಗೆ ಸೆರೆ, ಜೊತೆಗೆ ಜುಲ್ಮಾನೆ. ‘ಉದ್ದೇಶದಿಂದ’ ಎಂಬ ಒಂದು ಪದವನ್ನು ಇಟ್ಟವರ ಹೊಟ್ಟೆ ತಣ್ಣಗಿರಲಿ; 1998ರ ಅಮೆರಿಕದ ಕಾಯಿದೆ ಇದಕ್ಕಿಂತ ಬಿಗಿ. ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾ ಸಂಸ್ಥಾನದ ಒಂದು ಹೊಸ ಕಾಯಿದೆ 2025ರ ಜನವರಿಯಿಂದ ಜಾರಿಗೆ ಬಂದಿದೆ. ಇಂಥ ಸರಕನ್ನು ‘ಕೊಳ್ಳಿ’ ಎಂದು ಮಾರುವವರು, ‘ಇದು ನಿಮ್ಮ ಸ್ವತ್ತಲ್ಲ, ಬರಿಯ ಅನುಮತಿ’ ಎಂದು ಸ್ಪಷ್ಟವಾಗಿ ತಿಳಿಸಬೇಕಂತೆ. ಕೊಳ್ಳು ಎಂಬ ಪದದ ಮಾನ ಕಾಪಾಡಲು ಶಾಸನಸಭೆ ಸೇರಬೇಕಾಯಿತು.

ನಾನು ಇಷ್ಟೆಲ್ಲ ಓದಿ ತಿಳಿದುಕೊಂಡದ್ದು ಬರಿಯ ಕುತೂಹಲದಿಂದಲ್ಲ. ಜಯನಗರದಲ್ಲಿ ನನ್ನ ಮಿತ್ರರೊಬ್ಬರಿದ್ದರು. ಇಂಗ್ಲಿಷ್ ಅಧ್ಯಾಪಕರಾಗಿ ನಿವೃತ್ತರಾದವರು. ಕಣ್ಣು ಮಂದವಾದಾಗ ಅವರ ಅಣ್ಣನ ಮಗ ಒಂದು ಟ್ಯಾಬ್ಲೆಟ್ಟು ತಂದುಕೊಟ್ಟ. ಅದರಲ್ಲಿ ಅಕ್ಷರವನ್ನು ಮಾವಿನಕಾಯಿಯಷ್ಟು ದಪ್ಪ ಮಾಡಿಕೊಳ್ಳಬಹುದೆಂದು ಗೊತ್ತಾದದ್ದೇ ತಡ, ಮಿತ್ರರಿಗೆ ಎರಡನೆಯ ವಿದ್ಯಾಭ್ಯಾಸ ಮೊದಲಾಯಿತು. ಆರು ವರ್ಷಗಳಲ್ಲಿ ಇನ್ನೂರಕ್ಕೆ ಮೇಲೆ ಪುಸ್ತಕಗಳನ್ನು ಕೊಂಡು ಓದಿದರು. ಪೆನ್ಸಿಲಿನ ಚಾಳಿಯನ್ನೂ ಬಿಡಲಿಲ್ಲ; ಬೆರಳಿನಿಂದ ಗೆರೆ ಎಳೆದು, ಒಂದೊಂದೇ ಅಕ್ಷರ ಒತ್ತಿ, ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು.

ಅವರ ಕಾಗದದ ಪುಸ್ತಕಗಳನ್ನು ಮನೆಯವರು ಮಿತ್ರರಿಗೆ ಹಂಚಿದರು. ನನ್ನ ಪಾಲಿಗೂ ಎರಡು ಬಂದವು. ಒಂದರ ಅಂಚಿನಲ್ಲಿ, ಗಂಭೀರವಾದ ಒಂದು ಚರ್ಚೆಯ ಪಕ್ಕದಲ್ಲಿ, ಹೀಗೆ ಬರೆದಿತ್ತು: ‘ಇಲ್ಲಿಗೆ ಮಳೆ ಬಂತು. ಒಣಗಿದ ಬಟ್ಟೆ ತೆಗೆಯಲು ಎದ್ದೆ.’ ಅದನ್ನು ಅವರ ಶ್ರೀಮತಿಯವರಿಗೆ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, “ಅದರಲ್ಲೂ ಹೀಗೆ ಬರೆದಿರಬೇಕು, ಅಲ್ಲವೆ?” ಎಂದರು. ಅದರಲ್ಲಿ ಎಂದರೆ ಟ್ಯಾಬ್ಲೆಟ್ಟಿನಲ್ಲಿ.

ಪುಸ್ತಕಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದೇ ಎಂದು ಆಕೆ ಮಾರಿದ ಕಂಪೆನಿಗೆ ಫೋನು ಮಾಡಿಸಿದರು. ಗುರುತು ಖಚಿತಪಡಿಸಲು ಯಜಮಾನರ ಮೊಬೈಲಿಗೆ ಒಂದು ಅಂಕೆ ಬರುತ್ತದೆ, ಅದನ್ನು ಹೇಳಿ ಎಂದಿತು ಆ ಕಡೆಯ ಎಳೆಯ ದನಿ. ಆ ನಂಬರನ್ನು ಉತ್ತರಕ್ರಿಯೆಯ ಮರುವಾರವೇ ಹಿಂದಿರುಗಿಸಿಯಾಗಿತ್ತು. ಸಂಗತಿಯನ್ನು ತಿಳಿಸಿದಾಗ ಆ ದನಿ ಬಹಳ ವಿನಯದಿಂದ ಸಂತಾಪ ಹೇಳಿ, ಖಾತೆ ಮತ್ತೊಬ್ಬರಿಗೆ ವರ್ಗವಾಗುವುದಿಲ್ಲ, ಮರಣಪತ್ರ ಕಳಿಸಿದರೆ ಮುಚ್ಚಿಕೊಡುತ್ತೇವೆ ಎಂದಿತು. ಅಣ್ಣನ ಮಗ ಚುರುಕು ಹುಡುಗ. ಫೋನು ಕೆಳಗಿಟ್ಟ ಗಳಿಗೆಯಲ್ಲೇ ಟ್ಯಾಬ್ಲೆಟ್ಟಿನ ವೈ-ಫೈ ಆರಿಸಿದ. ಗಾಳಿ ತಾಗದಿದ್ದರೆ ಒಳಗಿರುವುದು ಒಳಗೇ ಇರುತ್ತದೆ ಎಂದು ಅವನ ಹೇಳಿಕೆ.

“ಪುಸ್ತಕ ಬೇಕಾದರೆ ಅವರದೇ ಆಗಲಿ. ಬರೆದದ್ದು ನಮ್ಮನೆಯವರದಲ್ಲವೆ?” ಎಂದು ಆಕೆ ನನ್ನನ್ನು ಕೇಳಿದರು. ಕಾಯಿದೆಯ ಪ್ರಕಾರ ಆಕೆಯ ಮಾತೇ ಸರಿ. ಬರೆದ ಟಿಪ್ಪಣಿಯ ಸ್ವಾಮ್ಯ ಬರೆದವರದು, ಅವರ ತರುವಾಯ ವಾರಸುದಾರರದು. ಆದರೆ ಆ ಸ್ವಾಮ್ಯ ಕುಳಿತಿರುವುದು ಇನ್ನೊಬ್ಬರ ಬೀಗದೊಳಗೆ. ಬೀಗ ಬಿಚ್ಚುವ ಉಪಾಯಗಳು ಉಂಟೆಂದು ನನ್ನ ಮೊಮ್ಮಗ ಹೇಳಿದ್ದನ್ನು ಸೂಚಿಸಿದೆ. “ಕಳ್ಳಗೀಲಿ ಎಂದರೆ ಇವರಿಗೆ ಆಗುತ್ತಿರಲಿಲ್ಲ, ಬೇಡಿ” ಎಂದುಬಿಟ್ಟರು.

ಈಗ ಆಕೆ ದಿನವೂ ಮಧ್ಯಾಹ್ನ ಊಟವಾದ ಮೇಲೆ ಟ್ಯಾಬ್ಲೆಟ್ಟನ್ನು ಮಣೆಗೆ ಒರಗಿಸಿಟ್ಟುಕೊಂಡು, ಗೆರೆ ಹಾಕಿದ ನೋಟ್ ಬುಕ್ಕಿನಲ್ಲಿ ಟಿಪ್ಪಣಿಗಳನ್ನು ನಕಲು ಮಾಡುತ್ತಿದ್ದಾರೆ. ಮೊದಲು ಪುಸ್ತಕದ ವಾಕ್ಯ, ಕೆಳಗೆ ಅವರ ಮಾತು. ಇಂಗ್ಲಿಷ್ ಅಷ್ಟಾಗಿ ಬಾರದು. ಅಕ್ಷರ ನೋಡಿ ಅಕ್ಷರ ಬರೆಯುತ್ತಾರೆ. ಮನೆಗೆ ಬಂದ ಹುಡುಗರು ವೈ-ಫೈ ಮಾತೆತ್ತಿದರೆ ಮೊದಲು ಟ್ಯಾಬ್ಲೆಟ್ಟನ್ನು ಎತ್ತಿ ಬೀರುವಿನಲ್ಲಿಟ್ಟು ಬರುತ್ತಾರೆ. ನಾನು ಹಿಂದಿನ ವಾರ ಹೋದಾಗ ಮೂರನೆಯ ನೋಟ್ ಬುಕ್ಕು ನಡೆದಿತ್ತು. “ನಿಮ್ಮ ವಿಷಯವೂ ಒಂದು ಕಡೆ ಬಂದಿದೆ” ಎಂದು ಹಾಳೆ ತಿರುವಿ ತೋರಿಸಿದರು. ಒಂದು ಪ್ರವಾಸಕಥನದ ಕೊನೆಯ ಪುಟದಲ್ಲಿ ನನ್ನ ಹೆಸರು, ಅದರ ಮುಂದೆ: ‘ಇದನ್ನು ಅವನಿಗೆ ಓದಲು ಕೊಡಬೇಕು.’

ಪುಸ್ತಕದ ಹೆಸರನ್ನು ಗುರುತು ಹಾಕಿಕೊಂಡು ಬಂದಿದ್ದೇನೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕೀತೋ ಏನೋ, ಭಾನುವಾರ ಹೋಗಿ ನೋಡಬೇಕು.